ಮಡಚೋ ಮನಿ ಮತ್ತ ನಮ್ಮ ಅತ್ತಿಯವರು

ಬ್ಯಾರೇದವರ ಮನ್ಯಾಗ ಕಾರು ಕೆಡ್ತದ, ಫ್ರಿಜ್ಜು ಕೆಡ್ತದ, ಯಾರನ್ನರ ಕರದು ರಿಪೇರಿ ಮಾಡಿಸ್ತಾರ, ಅಲ್ಲಿಗೆ ಮುಗೀತು. ನಮ್ಮ ಮನ್ಯಾಗ ಹಂಗಲ್ರಿ, ಏನ ಆದ್ರೂ ಅದು ಊರಿಗೆ ಹೇಳೋ ಸುದ್ದಿ ಆಗೇ ಮುಗೀತದ. ಅದರಾಗೂ ಕಾರಿನ ಹಿಂದ ಕಟಗೊಂಡು ಹೋಗೋ ಮಡಚೋ ಮನಿ ಬಂದ ಮ್ಯಾಲಂತೂ ಕೇಳಬ್ಯಾಡ್ರಿ. ಅದನ್ನ ಪಾರ್ಕಿಂಗಿನಿಂದ ತಗೀರಿ ಅಂತ ವಿಮಾನ ನಗರದ ನಮ್ಮ ಸೊಸಾಯಿಟಿಯವರು ನೋಟಿಸ್ ಕೊಟ್ಟಾಗ ನನಗ ಚಿಂತಿ ಹತ್ತಿದ್ದು ಗಾಡೀದಲ್ಲ, ನಮ್ಮ ಅತ್ತಿಯವರದು. ಗಾಡಿ ಹೋದ್ರ ಅವರ ತಿರುಗಾಟಾನೂ ಹೋತು. ಯಾಕಂತ ಹೇಳ್ತೀನಿ ಕೇಳ್ರಿ.

ಮನಿಯೋ, ಗಾಡಿಯೋ

ನಮ್ಮ ಅತ್ತಿಯವರದು ಭಾಳ ಮಡಿ. ಹೊರಗಿಂದು ನೀರು ಸೈತ ಮುಟ್ಟಂಗಿಲ್ಲ. ಒಂದ ಸಲ ಉಡುಪಿ ಹೋಟೆಲಿನ ಮಾಲಕರು, "ಬನ್ನಿ ಅಮ್ಮ, ನಮ್ಮದು ಶುದ್ಧ ಶಾಕಾಹಾರಿ" ಅಂತ ಕೈ ಮುಗದು ಕರದ್ರು. ಇವರು ಬಾಗಲದಾಗ ನಿಂತು, "ಅಡಿಗಿ ಮಾಡೋರು ಇವತ್ತ ತಲಿ ಮ್ಯಾಲ ನೀರು ಹಾಕ್ಕೊಂಡಾರೇನು, ಒಳಗ ಕೇಳ್ಕೊಂಡು ಬರ್ರಿ" ಅಂದ್ರು. ಹಿಂಗಾಗಿ ನಮ್ಮ ಪ್ರವಾಸ ಅಂದ್ರ ಮುಂಜಾನೆ ಹೋಗೋದು, ಊಟದ ಹೊತ್ತಿಗೆ ಮನೀಗೆ ಓಡಿ ಬರೋದು. ಮಹಾಬಳೇಶ್ವರದ ಬೋರ್ಡು ನೋಡಿ ಅಲ್ಲಿಂದನ ತಿರುಗಿ ಬಂದವರು ನಾವ ಇರಬೇಕು.

ಮಗಳು ಇನ್ನೂ ಸಣ್ಣಾಕಿ ಇದ್ದಾಗ ನಮ್ಮನಿಯವರು ಇದನ್ನ ತಂದ್ರು. ಮಡಚಿದ್ರ ಗಾಲಿ ಹಚ್ಚಿದ ದೊಡ್ಡ ಟ್ರಂಕು. ಹ್ಯಾಂಡಲ್ ತಿರುವಿದ್ರ ಛತ್ತು ಮ್ಯಾಲ ಏಳ್ತದ, ಎರಡೂ ಕಡೆ ಹಾಸಿಗಿ ಹೊರಗ ಸರೀತಾವ, ಸುತ್ತಲೂ ದಪ್ಪ ಬಟ್ಟಿ ಗ್ವಾಡಿ, ನಡುವ ಗ್ಯಾಸಿನ ಒಲಿ ಇಡೋ ಕಟ್ಟಿ.

"ಅವ್ವಾ, ಇದು ನಿನ್ನ ಅಡಿಗಿಮನಿ. ನಿನ್ನ ಭಾಂಡೆ, ನಿನ್ನ ನೀರು. ಇನ್ನರ ಬಾ" ಅಂದ್ರು ನಮ್ಮನಿಯವರು. ಅತ್ತಿಯವರು ಸೆರಗಿಲೆ ಕಣ್ಣು ಒರಸಿಕೊಂಡು ಸುತ್ತ ಒಂದು ಚಕ್ಕರ ಹಾಕಿದ್ರು.

ಜಗಳ ಶುರು ಆದದ್ದು ಪೂಜಾದಿಂದ. ಗಾಲಿ ಅವ, ಅದಕ್ಕ ಇದು ಗಾಡಿ, ನಿಂಬಿಹಣ್ಣು ಇಡೋಣು ಅಂದ್ರು ಮಗ. ಒಲಿ ಅದ, ಅದಕ್ಕ ಇದು ಮನಿ, ಹಾಲು ಉಕ್ಕಿಸಬೇಕು ಅಂದ್ರು ತಾಯಿ. ಕಡೀಕ ಎರಡೂ ಮಾಡಿದ್ವಿ. ಪೂಜಾಕ್ಕ ಬಂದ ಆಚಾರ್ರು, "ತಲಬಾಗಿಲು ಯಾವ ದಿಕ್ಕಿಗೆ ಬರ್ತದ್ರಿ?" ಅಂತ ಕೇಳಿದ್ರು. ನಮ್ಮನಿಯವರು, "ನೀವು ಹೇಳ್ರಿ, ತಿರುಗಿಸಿ ಕೊಡ್ತೀನಿ" ಅಂದ್ರು.

ಕೆರಿ ದಂಡಿ

ಆಚಾರ್ರು ಪೂರ್ವ ಅಂದು ಹೋಗಿಬಿಟ್ರು, ಅನುಭವಿಸಿದವರು ನಾವು. ಎಲ್ಲೇ ನಿಲ್ಲಿಸಿದ್ರೂ ಅತ್ತಿಯವರು ಮೊದಲ ಇಳದು ಸೂರ್ಯನ್ನ ಹುಡುಕೋರು. ಬಾಗಲ ಪೂರ್ವಕ್ಕ ಆಗೋತನಕ ಒಲಿ ಹಚ್ಚಂಗಿಲ್ಲ.

ಪಾನಶೇತದ ಹಿನ್ನೀರಿನ ದಂಡಿಗೆ ಹೋಗಿದ್ವಿ. ನೀರು ಪಶ್ಚಿಮಕ್ಕಿತ್ತು. ಬ್ಯಾರೇದವರೆಲ್ಲಾ ತಮ್ಮ ತಮ್ಮ ತಂಬು ನೀರಿನ ಕಡೆ ಮಾರಿ ಮಾಡಿ ಹೊಡದಿದ್ರು. ನಮ್ಮ ಬಾಗಲದ ಎದುರಿಗೆ ಕ್ಯಾಂಪಿನವರ ಸಂಡಾಸದ ಗ್ವಾಡಿ. ಅದಕ್ಕ ಹಸರು ಬಣ್ಣ ಹಚ್ಚಿ ಒಂದು ನವಲು ಬರದಿದ್ರು. ಎರಡು ದಿವಸ ಅದ ನವಲು ನೋಡಕೋತ ಚಹಾ ಕುಡದ್ವಿ. ಹೋಗಿ ಬರೋ ಮಂದೆಲ್ಲಾ ನಮಗ ನಮಸ್ಕಾರ ಮಾಡಿ ಹೋಗೋರು.

ಮಗಳು ಸಾಲ್ಯಾಗ ನಿಬಂಧ ಬರದ್ಲು. ಕೆರಿ ಹೆಂಗಿತ್ತು ಅನ್ನೋದಕ್ಕ "ಹಿಂದ ಇತ್ತು" ಅಂತ ಒಂದ ಸಾಲು, ಉಳಿದದ್ದೆಲ್ಲಾ ನವಲಿನ ಬಗ್ಗೆ.

ಘಾಟಿನ ಗಿರಾಕಿ

ಸಾಸವಡಕ್ಕ ಹೋಗೋ ಘಾಟಿನ ಮ್ಯಾಲ ಒಂದು ಆಯಿತವಾರ ಗಾಡಿ ನಿಲ್ಲಿಸಿದ್ವಿ. ಗಾಳಿ ಭಾಳ ಅಂತ ಒಂದು ಕಡೆ ಬಟ್ಟಿ ಕಟ್ಟಿ ಇನ್ನೊಂದು ಕಡೆ ತಗದಿಟ್ಟಿದ್ವಿ. ಅತ್ತಿಯವರು ತಾಲಿಪಟ್ಟಿ ತಟ್ಟಲಿಕ್ಕೆ ಹತ್ತಿದ್ರು. ಮೋಟರ ಸೈಕಲ್ ಮ್ಯಾಲ ಹೊಂಟಿದ್ದ ಇಬ್ಬರು ಹುಡುಗರು ಬಂದು, "ಆಜಿ, ವಡಾಪಾವ್ ಆಹೇ ಕಾ?" ಅಂತ ಕೇಳಿದ್ರು. ವಡಾಪಾವ್ ಇಲ್ಲ, ಇದು ಅದ ಅಂತ ಇವರು ಎರಡು ತಾಲಿಪಟ್ಟಿ, ಮ್ಯಾಲ ಬೆಣ್ಣಿ ಹಾಕಿ ಕೊಟ್ಟಬಿಟ್ರು. ಅವರನ್ನ ನೋಡಿ ಮತ್ತೊಂದು ಗಾಡಿ ನಿಂತಿತು, ಅದನ್ನ ನೋಡಿ ಇನ್ನೊಂದು.

ನಮ್ಮನಿಯವರು ತಾಟು ಹಿಡಕೊಂಡು ಸಾಲಿನಾಗ ನಿಂತ್ರು. ಮುಂದ ಹೋಗಲಿಕ್ಕೆ ನೋಡಿದ್ರ ಒಬ್ಬಾಂವ, "ಕಾಕಾ, ಸಾಲಿನಾಗ ಬರ್ರಿ" ಅಂತ ಮರಾಠಿಯೊಳಗ ಬೈದ. ಮತ್ತೊಬ್ಬಾಂವ ಖಾರ ಕಡಿಮಿ ಆಗೇದ ಅಂದ. ಅತ್ತಿಯವರಿಗೆ ಸಿಟ್ಟು ಬರಲೇ ಇಲ್ಲ, ನಕ್ಕೋತ ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದ್ರು. ಮಡಿ ಅಂತ ಮಂದೀ ಕೈಯಾಗಿಂದು ತಿನ್ನದಿದ್ರೇನಾತು, ತಮ್ಮ ಕೈಯಾಗಿಂದು ಮಂದೀಗೆ ತಿನ್ನಸೋದಂದ್ರ ಅವರಿಗೆ ಹಬ್ಬ. ಅವರನ್ನ ಅಷ್ಟು ಖುಷಿಯಾಗಿ ನಾ ಮನ್ಯಾಗ ಎಂದೂ ನೋಡಿದ್ದಿಲ್ಲ.

ಹೋಗುವಾಗ ಒಬ್ಬ ಹುಡುಗ, ಉಳಿದ ದಿವಸ ಗಾಡಿ ಎಲ್ಲೆ ಹಚ್ತೀರಿ ಅಂತ ಕೇಳಿದನಂತ. ಇವರು ಇದ್ದದ್ದನ್ನ ಇದ್ದಂಗ ಹೇಳಿದ್ರು. ಮುಂದಿನ ಆಯಿತವಾರ ಸೊಸಾಯಿಟಿ ಗೇಟಿನಿಂದ ವಾಚಮನ್ ಫೋನ್ ಮಾಡಿ, ನಿಮ್ಮ ಗಿರಾಕಿ ಬಂದಾರ, ಒಟ್ಟು ಆರು ಮಂದಿ, ಮ್ಯಾಲ ಬಿಡ್ಲೇನು ಅಂತ ಕೇಳಿದ.

ಪಾರ್ಕಿಂಗಿನಾಗ ಮಂಗಳಾರತಿ

ಈಗ ನೋಟಿಸಿನ ಸುದ್ದಿ. ಒಂದ ಸಲ ಊರಿಂದ ಬರೋದ್ರಾಗ ಕತ್ತಲಾಗಿತ್ತು. ದಣಿದಿದ್ವಿ, ಸಾಮಾನು ನಾಳೆ ತಗದ್ರಾತು ಅಂತ ಹಂಗ ಮಲಗಿದ್ವಿ. ಮುಂಜಾನೆ ಅತ್ತಿಯವರು ಸ್ನಾನ ಮಾಡಿ ಬಂದು ನೋಡ್ತಾರ, ದೇವರ ಪೆಟಗಿ ಇಲ್ಲ. ಅದು ಮಡಚಿದ ಗಾಡಿಯೊಳಗ, ಹಾಸಿಗಿ ಕೆಳಗ. ಇಡೀ ಮನಿ ಬಿಚ್ಚಿದ ಹೊರ್ತು ಕೈಗೆ ಸಿಗಂಗಿಲ್ಲ. ಪೂಜಾ ಆಗದ ಅವರು ನೀರು ಕುಡಿಯಂಗಿಲ್ಲ.

ನಮ್ಮನಿಯವರು ಪಾರ್ಕಿಂಗಿಗೆ ಇಳದು ಹ್ಯಾಂಡಲ್ ತಿರುವಿದ್ರು. ಹಾಸಿಗಿ ಆ ಕಡೆ ಒಬ್ಬರ ಜಾಗಾದಾಗ, ಈ ಕಡೆ ನಮ್ಮ ಚೇರಮನ್ ಸಾಹೇಬರ ಕಾರಿಗೆ ಅಡ್ಡ. ಪೆಟಗಿ ಸಿಕ್ಕಿತು. ಮ್ಯಾಲ ತರೋಣು ಅಂದ್ರ ಅತ್ತಿಯವರು ಒದ್ದಿ ಸೀರಿ ಉಟಗೊಂಡು ತಾವ ಕೆಳಗ ಬಂದಬಿಟ್ರು. "ಲಿಫ್ಟಿನಾಗ ಎಲ್ಲಾರೂ ಚಪ್ಪಲಿ ಹಾಕ್ಕೊಂಡು ಬರ್ತಾರ. ದೇವರನ್ನ ಅದರಾಗ ಹೆಂಗ ಒಯ್ಯೋದು? ಮನಿ ತಗದದ, ಇಲ್ಲೇ ಮಾಡ್ತೀನಿ."

ಅಷ್ಟರಾಗ ಚೇರಮನ್ ಸಾಹೇಬರು ಬ್ಯಾಗ್ ಹಿಡಕೊಂಡು ಬಂದ್ರು. ಅವರಿಗೆ ದಿಲ್ಲಿ ವಿಮಾನ ಹಿಡಿಯೋದಿತ್ತು. ಒದರಲಿಕ್ಕಂತ ಬಾಯಿ ತಗದ್ರು, ಒಳಗ ಗಂಟಿ ಬಡೀತು, ಮಂಗಳಾರತಿ. ಪಾಪ, ಬೂಟು ಕಳದು ಕೈ ಮುಗದು ನಿಂತ್ರು. ಆರತಿ ಆತು, ತೀರ್ಥ ಆತು. ಹೋಗಬೇಕು ಅನ್ನೋದ್ರಾಗ ಅತ್ತಿಯವರು, "ಕೂಡ್ರಿ, ನೈವೇದ್ಯ ಇನ್ನೂ ಒಲಿ ಮ್ಯಾಲ ಅದ, ಖಾಲಿ ಬಾಯಿಲೆ ಹೋಗಬಾರದು" ಅಂದ್ರು. ವಿಮಾನ ನಗರದಾಗ ಇದ್ದೂ ಅವರಿಗೆ ವಿಮಾನ ತಪ್ಪಿತು. ಸಂಜೀಕ ನೋಟಿಸ್ ಬಂತು. ಅದರ ಜೋಡಿ ಪ್ರಸಾದದ ವಾಟಿ ತೊಳದು ತಿರುಗಿ ಕಳಿಸಿದ್ರು, ಅದರಾಗ ಎರಡು ಪೇಢೆ ಇಟ್ಟು.

ನೋಡಲಿಕ್ಕೆ ಬಂದ್ರು

ಇಡಲಿಕ್ಕೆ ಬ್ಯಾರೆ ಎಲ್ಲೂ ಜಾಗಾ ಸಿಗಲಿಲ್ಲ, ಮಾರಬೇಕಾತು. "ಹೋಗ್ಲಿ ಬಿಡ್ರಿ, ನನಗೇನು ಊರು ತಿರುಗೋ ವಯಸ್ಸೇನು" ಅಂದ್ರು ಅತ್ತಿಯವರು. ಅಂದ್ರು ಖರೆ, ಮಧ್ಯಾಹ್ನ ಎಲ್ಲಾರೂ ಮಲಗಿದ ಮ್ಯಾಲ ಕೆಳಗ ಹೋಗಿ ಅದರ ಬಾಜೂಕ ಕುರ್ಚಿ ಹಾಕ್ಕೊಂಡು ಕೂಡೋರು. ಇಷ್ಟು ವರ್ಷಕ್ಕ ಹೊರಗಿನ ಗಾಳಿ ಕಂಡ ಜೀವ, ಮತ್ತ ಗ್ಯಾಲರಿಯೊಳಗ ತುಳಸೀ ಗಿಡದ ಮುಂದ ಕೂಡೋದು ಬಂತಲ್ಲ.

ಸಾಸವಡದ ಒಬ್ಬ ಅಂಜೂರದ ತ್ವಾಟದವರು ನೋಡಲಿಕ್ಕೆ ಬರ್ತೀವಿ ಅಂದ್ರು. ಅವತ್ತ ಅತ್ತಿಯವರು ಮುಂಜಾನೆನ ಗಾಡಿ ತೊಳಸಿ, ಬಾಗಲಿಗೆ ಅರಿಷಿಣ ಕುಂಕುಮ ಹಚ್ಚಿ, ಒಳಗ ಉಪ್ಪಿಟ್ಟು ಶಿರಾ ಮಾಡಿಟ್ರು. ಕನ್ಯಾ ನೋಡಲಿಕ್ಕೆ ಬಂದವರಿಗೆ ಹೆಂಗೋ ಹಂಗ. ಆ ಮನಷ್ಯಾ ಮುದುಕಿ ತಾಯಿನ್ನೂ ಕರಕೊಂಡು ಬಂದಿದ್ದ. ತಾಟು ಕೈಗೆ ಕೊಟ್ಟು ಅತ್ತಿಯವರು ತಮ್ಮ ಮರಾಠಿಯೊಳಗ ಪ್ರಶ್ನೆ ಶುರು ಮಾಡಿದ್ರು. ಹೆಂಗರ ಮಾಡಿ ಒಂದು ಐಬು ಹುಡುಕಿ ಒಲ್ಲೆ ಅನ್ನೋದಿತ್ತು ಅವರಿಗೆ.

"ಒಳಗ ಚಪ್ಪಲಿ ಹಾಕ್ಕೊಂಡು ಹೋಗ್ತೀರೇನು?"

"ಇಲ್ಲ ಆಜಿ, ಹೊರಗ ಬಿಡ್ತೀವಿ."

"ಮಾಂಸ, ಮೊಟ್ಟಿ?"

ಆತನ ತಾಯಿ ಕೊರಳಾಗಿನ ತುಳಸೀ ಮಾಲಿ ತೋರಿಸಿದ್ರು. ವಾರಕರಿ ಮಂದಿ, ಪಂಢರಪುರಕ್ಕ ನಡಕೋತ ಹೋಗೋರು, ಮನ್ಯಾಗ ಉಳ್ಳಾಗಡ್ಡಿ ಸೈತ ಏಕಾದಶಿ ನೋಡಿ ತರೋರು. ಹೆಸರಿಡಲಿಕ್ಕೆ ಒಂದೂ ಸಿಗಲಿಲ್ಲ. ಅತ್ತಿಯವರ ಮಾರಿ ಸಪ್ಪಗಾತು. ಒಲಿ ಕಟ್ಟಿ ಒರಸಕೋತ ನಿಂತ್ರು, ಒರಸಿದ್ದನ್ನ ಮತ್ತ ಒರಸಿದ್ರು.

ಆತ ಮಡಚಲಿಕ್ಕೆ ಹೋದ್ರ ಬಟ್ಟಿ ಸಿಕ್ಕೊಂಡಿತು. "ಹಂಗಲ್ಲ, ಮೊದಲ ಒಳಗಿನ ಕೋಲು" ಅಂತ ಇವರು ಹೇಳಿಕೊಟ್ರು. ಛತ್ತು ಇಳಸಲಿಕ್ಕೆ ಹೋದ, ಅಲ್ಲೂ ತಪ್ಪಿದ. ಇದನ್ನೆಲ್ಲಾ ನೋಡಿದ ಆ ಮುದುಕಿ ತಾಯಿ, "ನಮ್ಮಲ್ಲೆ ಮದಲಗಿತ್ತಿನ್ನ ಒಬ್ಬಾಕಿನ್ನ ಕಳಸಂಗಿಲ್ಲ. ಜೋಡಿ ತವರಮನಿ ಹಿರೇ ಹೆಣಮಗಳೊಬ್ಬಾಕಿ ಬರಬೇಕು, ನಾಕ ದಿವಸ ಇದ್ದು ಎಲ್ಲಾ ಹೇಳಿಕೊಡಬೇಕು. ಆಜಿ, ನೀವ ನಡೀರಿ" ಅಂದ್ರು.

"ಅಯ್ಯ, ನಾ ಹೆಂಗ ಬರ್ಲಿ, ಮನಿ ಬಿಟ್ಟು" ಅಂದ್ರು ಅತ್ತಿಯವರು. ಅನ್ನೋದ್ರಾಗ ಮ್ಯಾಲ ಹೋಗಿ ಸಾರಿನ ಪುಡಿ ಡಬ್ಬಿ, ಎರಡು ಸೀರಿ ಹಿಡಕೊಂಡು ಬಂದಿದ್ರು.

ಗಾಡಿ ಹೋತು. ಅದರ ಜೋಡಿ ಅತ್ತಿಯವರೂ ಹೋದ್ರು. ನಾಕ ದಿವಸ ಅಂದದ್ದು ತಿಂಗಳಾತು. ಒಂದ ದಿವಸ ಕೊಂಕಣದ ಸಮುದ್ರದ ದಂಡಿಯಿಂದ ಫೋನ್ ಬಂತು. ಇಬ್ಬರೂ ಮುದುಕ್ಯಾರು ತೆರಿಯಾಗ ಕಾಲು ತೋಯಿಸಿಕೊಂಡು ನಿಂತಾರಂತ, ಒಲಿ ಮ್ಯಾಲ ಸಾರು ಕುದೀಲಿಕ್ಕೆ ಹತ್ತೇದಂತ. ಕೇಳಿ ನನಗ ನಗುನೂ ಬಂತು, ಕಣ್ಣಾಗ ನೀರೂ ಬಂತು. ನಮ್ಮನಿಯವರಿಗೆ ತಡಕೊಳ್ಳಲಿಕ್ಕೆ ಆಗಲಿಲ್ಲ.

"ಅವ್ವಾ, ಶನಿವಾರ ನಾವೂ ಅಲ್ಲೇ ಬರ್ತೀವಿ."

ಆ ಕಡೆಯಿಂದ ಅತ್ತಿಯವರು ದನಿ ಸಣ್ಣದು ಮಾಡಿ ಹೇಳಿದ್ರು: "ಬ್ಯಾಡಪಾ. ಹೆಣ್ಣು ಕೊಟ್ಟ ಮನೀಗೆ ಹಂಗ ತಾವಾಗೇ ಹೋಗಬಾರದು. ಅವರು ಕರೀಲಿ, ಆಮ್ಯಾಲ ಬರ್ರಿ."