ಅನುಗೆ ಹಲ್ಲು ಬಂದ ಮನೆಯ ವಿಳಾಸ

ಅಚ್ಚುಕಟ್ಟು ಎಂಬುದು ಒಂದು ಕಾಯಿಲೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ರೋಗಿ ನಾನು. ತಾರೀಖು ಹಾಕಿ ದಿನಚರಿ ಬರೆಯುವುದು ನನ್ನ ಚಿಕ್ಕಂದಿನ ಚಟ. ಬೀರೂರಿಗೆ ಕೆಲಸಕ್ಕೆ ಹೋಗುವ ರೈಲು ಅಜ್ಜಂಪುರಕ್ಕೆ ಎಷ್ಟು ತಡವಾಗಿ ಬಂತು, ಹೊಸ ಸಿಲಿಂಡರ್ ಯಾವತ್ತು ಹಾಕಿದೆವು, ಈ ತಿಂಗಳು ಹುರುಳಿಕಾಳಿನ ಸಾರು ಎಷ್ಟು ಸಲ ಆಯಿತು, ಎಲ್ಲವೂ ಅದರಲ್ಲಿ ಸಿಗುತ್ತವೆ. ಸಾರಿನ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದ ದಿನ ಅಮ್ಮ ಡೈರಿಯನ್ನು ಒಲೆಗೆ ಹಾಕುವವಳಿದ್ದಳು. ಮನೆಯಲ್ಲಿ ಸೌದೆ ಒಲೆ ಇಲ್ಲದ್ದರಿಂದ ಅದು ಉಳಿಯಿತು.

ಈ ಕಾಯಿಲೆ ಅಂಟಿಸಿದವಳು ಗಿರಿಜತ್ತೆ, ಅಪ್ಪನ ತಂಗಿ. ಮಾವ ಬೇಗ ತೀರಿಕೊಂಡದ್ದರಿಂದ ಅವಳು ನಮ್ಮ ಮನೆಗೇ ಬಂದು ಇದ್ದವಳು. ಕಡೂರಿನ ಪರಿಚಯದ ದಂಪತಿ ಮಸ್ಕತ್‌ನಲ್ಲಿದ್ದರು. ನನಗೆ ನಾಲ್ಕು ವರ್ಷವಿದ್ದಾಗ ಅವರ ಮನೆಗೆ ಬಾಣಂತನಕ್ಕೆಂದು ಹೋದಳು. ಬಾಣಂತನ ಎಂದರೆ ಹೆಚ್ಚೆಂದರೆ ಐದು ತಿಂಗಳು. ಹುಟ್ಟಿದ ಮಗು ಅನು ಕಾಲೇಜು ಸೇರುವವರೆಗೂ ಅತ್ತೆಯ ಬಾಣಂತನ ಮುಗಿಯಲಿಲ್ಲ. ನಡುನಡುವೆ ರಜೆಗೆ ಬರುವಾಗ ಖರ್ಜೂರ ತರುತ್ತಿದ್ದಳು. ಒಂದು ಸಲ ನನಗೊಂದು ಡೈರಿ ತಂದಳು. ಆ ದೇಶದ ಡೈರಿಯಲ್ಲಿ ಶುಕ್ರವಾರ ಕೆಂಪಕ್ಷರದಲ್ಲಿತ್ತು. ರಜೆ ಎಂದೇ ಅಚ್ಚಾಗಿದೆಯಲ್ಲ ಎಂದು ನಾನು ಎರಡು ಶುಕ್ರವಾರ ಶಾಲೆಗೆ ಹೋಗದೆ ಕೂತೆ. ಮೂರನೆಯ ಶುಕ್ರವಾರ ಅಪ್ಪ ಕಿವಿ ಹಿಡಿದು ಕರೆದುಕೊಂಡು ಹೋಗಿ ಬಿಟ್ಟುಬಂದ. ಅದೂ ಡೈರಿಯಲ್ಲಿದೆ.

ಆ ಅನುಗೆ ಕೆನಡಾದಲ್ಲಿ ಮದುವೆ ಗೊತ್ತಾಯಿತು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೆ: "ಗಿರಿಜಮ್ಮ ಬಂದು ಎಣ್ಣೆ ಹಚ್ಚಿದ್ರೇನೇ ನಾನು ಮದುವೆ ನೀರಿಗೆ ಕೂರೋದು." ಅತ್ತೆ ಆ ಮಾತು ಕೇಳಿದ ದಿನವೇ ಹರಳೆಣ್ಣೆ ಕಾಯಿಸಲು ಹೊರಟಳು. ಮೊದಲು ವೀಸಾ ಆಗಬೇಕು, ಅದಕ್ಕೆ ಅರ್ಜಿ ತುಂಬಬೇಕು ಎಂದೆ. "ನೀನಿದ್ದೀಯಲ್ಲೋ ಮಂಜ, ತುಂಬು" ಎಂದಳು. ಇಪ್ಪತ್ತು ವರ್ಷದಿಂದ ಅಚ್ಚುಕಟ್ಟಾಗಿ ಕಾಲಂ ಎಳೆಯುತ್ತಿದ್ದ ನನಗೆ ಕೊನೆಗೂ ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿತು.

ಅರ್ಜಿ ನನಗಿಂತ ಅಚ್ಚುಕಟ್ಟಿನದು. ಹೊರದೇಶದಲ್ಲೂ ಊರಲ್ಲೂ ಇದ್ದ ಮನೆಗಳೆಲ್ಲ ಬೇಕು, ಮಾಡಿದ ಕೆಲಸಗಳೆಲ್ಲ ಬೇಕು, ಎಲ್ಲಿಂದ ಎಲ್ಲಿಯವರೆಗೆ ಎಂಬ ತಿಂಗಳು ಬೇಕು, ನಡುವೆ ಒಂದು ತಿಂಗಳೂ ಖಾಲಿ ಬಿಡಬಾರದು. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡೆ. ಅವಳು ಸೊಪ್ಪು ಬಿಡಿಸುತ್ತ ಕೂತಳು.

"ಮೊದಲನೇ ಮನೆ ವಿಳಾಸ ಹೇಳು ಅತ್ತೆ."

"ಅನುಗೆ ಹಲ್ಲು ಬಂತಲ್ಲ, ಆ ಮನೆ. ನೀಲಿ ಗುಮ್ಮಟದ ಮಸೀದಿ ಹಿಂದೆ. ಲಿಫ್ಟು ಕೆಟ್ಟಿತ್ತು."

"ಡೋರ್ ನಂಬರು?"

"ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದೆ ಕಣೋ. ಇಡೀ ಬಿಲ್ಡಿಂಗಿಗೆ ಅದೊಂದೇ ಬಾಗಿಲು. ನಂಬರು ಯಾಕೆ ಬೇಕು?"

ಎರಡನೆಯದು ಅನು ಬಿದ್ದು ಹಣೆ ಒಡೆದುಕೊಂಡ ಮನೆ. ಮೂರನೆಯದು ಆಮೇಲೆ ಅವರು ಹೋದ ದೋಹಾದಲ್ಲಿ, ಅನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ತೆಗೆಯಲು ಬಾರದೆ ಅತ್ತ ಮನೆ. ನಾಲ್ಕನೆಯದರಲ್ಲಿ ಅವಳು ದೊಡ್ಡವಳಾದಳು. ಅತ್ತೆ ಒಂಬತ್ತು ಅಂಗಡಿ ತಿರುಗಿ ಕೊಬ್ಬರಿ ಬೆಲ್ಲ ತಂದಿದ್ದಳು. ಬಿಡಿಸಿದ ಸೊಪ್ಪು ಬುಟ್ಟಿ ತುಂಬಿತು, ಅರ್ಜಿಯ ಒಂದು ಗೆರೆಯೂ ತುಂಬಲಿಲ್ಲ. ಅನುವಿನ ಅಪ್ಪನಿಗೆ ಫೋನ್ ಮಾಡಿದರೆ ಅವರು ಟಪಾಲು ಪೆಟ್ಟಿಗೆಯ ನಂಬರು ಕೊಟ್ಟರು. ಅಲ್ಲಿ ಆಗ ಕಾಗದಗಳು ಮನೆಗೆ ಬರುತ್ತಿರಲಿಲ್ಲವಂತೆ, ಆಫೀಸಿನ ಪೆಟ್ಟಿಗೆಗೆ ಬರುತ್ತಿದ್ದವಂತೆ. ಪೆಟ್ಟಿಗೆಯಲ್ಲಿ ವಾಸವಿದ್ದೆ ಎಂದರೆ ಅರ್ಜಿ ಒಪ್ಪುವುದಿಲ್ಲ. ಕೊನೆಗೆ ಅನುವೇ ಕಂಪ್ಯೂಟರಿನ ನಕ್ಷೆಯಲ್ಲಿ ನೀಲಿ ಗುಮ್ಮಟ ಹುಡುಕಿ, ಅದರ ಹಿಂದಿನ ಕಟ್ಟಡ, ಬೀದಿ, ಉಳಿದ ಮನೆಗಳ ವಿಳಾಸ ಎಲ್ಲ ಬರೆದು ಕಳಿಸಿದಳು. ನಾಲ್ಕು ವರ್ಷದವರೆಗೆ ಅಲ್ಲೇ ಇದ್ದದ್ದರಿಂದ ಬೇವಿನ ಸೊಪ್ಪಿನ ಬಾಗಿಲು ಅವಳಿಗೂ ನೆನಪಿತ್ತು.

ಆಮೇಲೆ ಕೆಲಸದ ಕಾಲಂ. ಹುದ್ದೆ ಏನು ಎಂದರೆ "ಅನುನ ನೋಡ್ಕೊಳ್ಳೋದು" ಎಂದಳು. ಮನೆಗೆಲಸ, ಮಗುವಿನ ಪಾಲನೆ ಎಂದು ಬರೆದೆ. ಬಿಟ್ಟದ್ದಕ್ಕೆ ಕಾರಣ? "ಅವಳೇ ಜಡೆ ಹಾಕ್ಕೊಳ್ಳೋಕೆ ಶುರು ಮಾಡಿದ್ಲು, ಬಂದ್ಬಿಟ್ಟೆ." ಇದಕ್ಕೆ ಸರಿಯಾದ ಇಂಗ್ಲಿಷ್ ನನಗೆ ಹೊಳೆಯಲಿಲ್ಲ. ಕೆಲಸ ಮುಗಿಯಿತು ಎಂದು ಬರೆದು, ಯಾಕೋ ಸುಳ್ಳು ಬರೆದಂತಾಗಿ ಒಂದು ಲೋಟ ನೀರು ಕುಡಿದು ಬಂದೆ.

ಉಳಿದದ್ದು ನಡುವೆ ಅವಳು ಊರಿಗೆ ಬಂದು ಇದ್ದ ತಿಂಗಳುಗಳು. ಒಂದು ಸಲವಂತೂ ರಜೆ ಮುಗಿದರೂ ನಾಲ್ಕು ತಿಂಗಳು ಇಲ್ಲೇ ಇದ್ದಳು. ಖಾಲಿ ಬಿಡುವಂತಿಲ್ಲವಲ್ಲ, ಅದಕ್ಕೆ 'ನಿರುದ್ಯೋಗಿ' ಎಂದು ಬರೆದು, ನನ್ನ ರೂಢಿಯಂತೆ ಗಟ್ಟಿಯಾಗಿ ಓದಿದೆ.

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಲೇ, ನಿರುದ್ಯೋಗಾನಾ? ನಿಂಗೆ ಕಾಮಾಲೆ ಆಗಿತ್ತಲ್ಲೋ ಆಗ! ಔಷಧಿಗೆ ಹಿರೇನಲ್ಲೂರಿಗೆ ಹೊತ್ಕೊಂಡು ತಿರುಗಿದ್ಯಾರು? ಅಲ್ಲಿ ಆ ಮಗು ಜ್ವರ ಬಂದು ನನ್ನ ಹೆಸರು ಹಿಡ್ಕೊಂಡು ಅಳ್ತಿದೆ ಅಂತ ಫೋನು ಬಂದ್ರೂ ಹೋಗ್ಲಿಲ್ಲ ಕಣೋ."

ಅನು ಎಂದರೆ ಚಿಕ್ಕಂದಿನಲ್ಲಿ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಅತ್ತೆಯನ್ನು ಇಟ್ಟುಕೊಂಡು ಎರಡು ಡಬ್ಬ ಖರ್ಜೂರ ವಾಪಸು ಕಳಿಸುವ ಹುಡುಗಿ ಅವಳು. ಅಲ್ಲಿ ಅವಳಿಗೂ ನನ್ನ ಮೇಲೆ ಹೊಟ್ಟೆ ಉರಿಯಲು ಕಾರಣವಿತ್ತು ಎಂಬುದು ಆವತ್ತೇ ಗೊತ್ತಾದದ್ದು. 'ನಿರುದ್ಯೋಗಿ' ಅಳಿಸಿ, 'ಮನೆಯವರ ಆರೈಕೆ' ಎಂದು ತಿದ್ದಿದೆ. ಅತ್ತೆ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಅರ್ಜಿ ಹೋಯಿತು. ಮದುವೆಗೆ ಐದು ವಾರ ಇರುವಾಗ ಉತ್ತರ ಬಂತು, ವೀಸಾ ಅಲ್ಲ, ಪ್ರಶ್ನೆ. ಮಸ್ಕತ್ ಬಗ್ಗೆ ಏನೂ ಕೇಳಿರಲಿಲ್ಲ, ದೋಹಾ ಬಗ್ಗೆಯೂ ಇಲ್ಲ. ತಾವು ತರೀಕೆರೆಯ ಮನೆಯನ್ನು ಬಿಟ್ಟು ಅಜ್ಜಂಪುರದ ಮನೆಗೆ ಹೋದದ್ದು ಯಾಕೆ, ದಾಖಲೆ ಕಳಿಸಿ ಎಂದಿತ್ತು.

ತಪ್ಪು ಪೂರ್ತಿ ನನ್ನದು. ನಮ್ಮೂರು ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು. ಆಮೇಲೆ ಅಜ್ಜಂಪುರವೇ ತಾಲ್ಲೂಕಾಯಿತು. ಅಚ್ಚುಕಟ್ಟಿನವನಾದ ನಾನು, ಅಲ್ಲಿಯವರೆಗಿನದಕ್ಕೆ ತರೀಕೆರೆ ತಾಲ್ಲೂಕು ಎಂದು ಒಂದು ವಿಳಾಸ, ಅಲ್ಲಿಂದೀಚೆಗೆ ಅಜ್ಜಂಪುರ ತಾಲ್ಲೂಕು ಎಂದು ಇನ್ನೊಂದು ವಿಳಾಸ ಬರೆದಿದ್ದೆ. ಕೆನಡಾದವರ ಲೆಕ್ಕದಲ್ಲಿ ಅತ್ತೆ ಗಂಟುಮೂಟೆ ಕಟ್ಟಿಕೊಂಡು ಮನೆ ಬದಲಾಯಿಸಿಬಿಟ್ಟಿದ್ದಳು.

"ಹದಿನೆಂಟು ವರ್ಷ ಪರದೇಶದಲ್ಲಿದ್ದೆ, ಅದರಲ್ಲಿ ತಪ್ಪಿಲ್ಲ" ಎಂದಳು ಅತ್ತೆ. "ಕೂತಲ್ಲೇ ಕೂತ ಮನೇನ ಓಡಿಸಿಬಿಟ್ಯಲ್ಲೋ ಮಂಜ!" ನಗುತ್ತಲೇ ಹೇಳಿದಳು. ಆದರೆ ಸಂಜೆ ಹರಳೆಣ್ಣೆಯ ಸೀಸೆಯನ್ನು ಸೂಟ್‌ಕೇಸಿನಿಂದ ತೆಗೆದು ಅಡುಗೆಮನೆಯ ಗೂಡಿನಲ್ಲಿಟ್ಟದ್ದನ್ನು ನಾನು ಕಂಡೆ. ಆವತ್ತು ಡೈರಿ ಬರೆಯಲಿಲ್ಲ.

ಮಾರನೆಯ ದಿನ ರಜೆ ಹಾಕಿ, ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವ ಹಿರಿಯರ ಹತ್ತಿರ ಹೋದೆ. ಕಥೆ ಕೇಳಿ ಅವರು ಕನ್ನಡಕ ತೆಗೆದರು. "ಮನೆ ಬಿದ್ದೋಯ್ತು ಅಂತ ಬರ್ದಿದ್ದೀನಿ, ಮನೆ ಕಟ್ಟಿದ್ವಿ ಅಂತ ಬರ್ದಿದ್ದೀನಿ. ಮನೆ ಅಲ್ಲೇ ಇದೆ ಅಂತ ಬರೀತಿರೋದು ಇದೇ ಮೊದಲು ಕಣಪ್ಪಾ." ಆದರೂ ಕನ್ನಡಕ ಮತ್ತೆ ಹಾಕಿಕೊಂಡು ಚೆನ್ನಾಗಿ ಬರೆದರು. ಮನೆ ಕದಲಿಲ್ಲ, ತಾಲ್ಲೂಕು ಬದಲಾಗಿದೆ ಎಂಬುದಕ್ಕೆ ತಹಶೀಲ್ದಾರರ ಸಹಿ, ಮೊಹರು ಬಿತ್ತು. ಮದುವೆಗೆ ಹನ್ನೊಂದು ದಿನ ಇರುವಾಗ ವೀಸಾ ಬಂತು. ಸೀಸೆ ಮತ್ತೆ ಸೂಟ್‌ಕೇಸ್ ಸೇರಿತು.

ಅತ್ತೆ ಈಗ ಅಲ್ಲಿದ್ದಾಳೆ. ಮದುವೆ ಮುಗಿದಿದೆ, ಎಣ್ಣೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತ ಅನುವಿನ ಫೋಟೋ ಬಂದಿದೆ, ನನಗೆ ಹೊಟ್ಟೆ ಉರಿಯಲಿಲ್ಲ, ಅಂದರೆ ಅಷ್ಟಾಗಿ ಉರಿಯಲಿಲ್ಲ. ಫೋನಿನಲ್ಲಿ, "ಅಲ್ಲಿಯ ವಿಳಾಸ ಹೇಳು ಅತ್ತೆ, ಬರ್ಕೊಳ್ತೀನಿ, ಮುಂದೆ ಬೇಕಾಗುತ್ತೆ" ಎಂದೆ. "ಅನು ಮದುವೆಯಾದ ಮನೆ ಅಂತ ಬರ್ಕೋ" ಎಂದಳು. ಬರೆದುಕೊಂಡೆ. ವಾಪಸು ಯಾವತ್ತು ಎಂದರೆ, "ಬತ್ತೀನಿ ಕಣೋ." ತಾರೀಖಿನ ಜಾಗದಲ್ಲಿ ಅದನ್ನೇ ಬರೆದೆ.

ಇಲ್ಲಿ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಆಗುತ್ತಿದೆ, ರೈಲು ತಡವಾದರೆ ಯಾಕೆ ಎಂದು ಅತ್ತೆಯ ಹಾಗೆ ಕೇಳುವವರಿಲ್ಲ, ಅಪ್ಪ ಅಮ್ಮ ಇದ್ದರೂ ಸಂಜೆ ಒಳಗೆ ಬಂದಾಗ ಯಾರದೋ ಮನೆಗೆ ಬಂದಂತಾಗುತ್ತದೆ. ಒಂದೇ ಮನೆಗೆ ಎರಡು ವಿಳಾಸ ಬರೆದದ್ದು ತಪ್ಪು ಎಂದು ಮೊಹರು ಹಾಕಿಸಿಕೊಟ್ಟವನು ನಾನೇ. ಈಗ ಕೇಳಿದರೆ ಎರಡನ್ನೂ ಬರೆಯುತ್ತೇನೆ: ಅತ್ತೆ ಇರುವ ಮನೆ ಒಂದು, ಇಲ್ಲದ ಮನೆ ಒಂದು. ಇದಕ್ಕೊಂದು ಒಕ್ಕಣೆ ಬರೆದುಕೊಡಿ ಎಂದು ಹೋದರೆ, ಆ ಹಿರಿಯರು ಈ ಸಲ ತೆಗೆದ ಕನ್ನಡಕವನ್ನು ಬರೆಯಲೆಂದು ಮತ್ತೆ ಹಾಕಿಕೊಳ್ಳಲಾರರು.