ಪುಕ್ಕಟೆ ಗೋಪುರಾರೋಹಣ

ಮದುವೆಯಾಗಿ ಮೂವತ್ತು ವರ್ಷ ತುಂಬಿಸಿದ ಗಂಡಸಿಗೆ ಸರ್ಕಾರ ಒಂದು ಪದಕ ಕೊಡಬೇಕು. ಕೊಡುವುದಿಲ್ಲ. ಬದಲಿಗೆ ಹೆಂಡತಿ ಎದುರು ನಿಂತು, ನನಗೇನು ಕೊಡಿಸುತ್ತೀಯ ಎಂದು ಕೇಳುತ್ತಾಳೆ.

"ಲಿಂಕನ್ ಪೇಟೆಗೆ ಹೋಗೋಣ," ಎಂದಳು ನನ್ನ ಡೆನೀಸ್. "ಗುಡ್ಡದ ಮೇಲಿನ ಟೀ ಅಂಗಡೀಲಿ ಕಿಟಕಿ ಪಕ್ಕ ಕೂತು, ಮೂರಂತಸ್ತಿನ ತಟ್ಟೇಲಿ ಕೇಕು ಜೋಡಿಸಿ ಕೊಡ್ತಾರಲ್ಲ, ಆ ಚಹಾ ಕುಡೀಬೇಕು. ಅಷ್ಟೇ ಕಣೋ ನನ್ನಾಸೆ."

ಅಷ್ಟೇ! ಆ ಚಹಾದ ದುಡ್ಡಿನಲ್ಲಿ ನಮ್ಮೂರು ಗ್ರಿಮ್ಸ್‌ಬಿಯ ಇಡೀ ಬೀದಿಗೆ ಹುರಿದ ಮೀನು ತಿನ್ನಿಸಬಹುದು. ಹಾಗಂತ ನಾನು ಜಿಪುಣನಲ್ಲ (ಹೌದು ಎನ್ನುವವರು ನನ್ನ ಭಾಮೈದ, ಅಕ್ಕಪಕ್ಕದವರು ಮತ್ತು ಪಾದ್ರಿಗಳು ಮಾತ್ರ). ಮಿತವ್ಯಯವೆಂಬ ಮಹಾಶಾಸ್ತ್ರದ ಬಡ ಉಪಾಸಕ, ಅಷ್ಟೇ.

ವಾರವಿಡೀ ತಪಸ್ಸು ಮಾಡಿ ಪ್ರವಾಸದ ನೀಲನಕ್ಷೆ ಸಿದ್ಧಪಡಿಸಿದೆ. ಹಾಲಿನವನೂ ಏಳದ ಹೊತ್ತಿಗೆ ಹೊರಡುವ ಅತಿ ಅಗ್ಗದ ರೈಲು. ಪುಕ್ಕಟೆ ನೋಡಬಹುದಾದ ಬೀದಿಗಳು, ಸೇತುವೆ, ಬಾತುಕೋಳಿಗಳು. ಊಟಕ್ಕೆ ಮನೆಯ ಮೊಟ್ಟೆ ಸ್ಯಾಂಡ್‌ವಿಚ್, ಜೊತೆಗೆ ಫ್ಲಾಸ್ಕಿನಲ್ಲಿ ಚಹಾ.

"ಫ್ಲಾಸ್ಕ್ ಯಾಕೆ?"

"ಇರ್ಲಿ ಅಂತ. ಅಂಗಡಿ ಚಹಾನೂ ಕೊಡಿಸ್ತೀನಿ ಕಣೇ, ಮಿಕ್ಕಿದ್ದೆಲ್ಲ ಪುಕ್ಕಟೆ ಆದ್ರೆ."

"ನೋಡು ನೈಜೆಲ್, ಆ ಚಹಾ ಸಿಗ್ಲಿಲ್ಲ ಅಂದ್ರೆ ನಾನು ವಾಪಸ್ ಬರಲ್ಲ. ನೀನೊಬ್ನೇ ಬಂದು ಫ್ಲಾಸ್ಕ್ ಜೊತೆ ಸಂಸಾರ ಮಾಡು."

ಹೀಗೆ ಒಂದು ಮಂಗಳವಾರ ಲಿಂಕನ್ ಸೇರಿದೆವು. ಮಳೆ ಹೊಡೆಯುತ್ತಿತ್ತು. ಒಂದು ಹಳೆಯ ಚರ್ಚಿನ ಅಂಗಳದ ಬೆಂಚಿನಲ್ಲಿ, ಒಂದೇ ಕೊಡೆಯಡಿ, ನೆನೆದ ಸ್ಯಾಂಡ್‌ವಿಚ್ ತಿಂದೆವು. ದುರದೃಷ್ಟವಶಾತ್ ಆ ಟೀ ಅಂಗಡಿ ಸರಿಯಾಗಿ ಎದುರಿಗೇ ಇತ್ತು. ಒಳಗಿನವರು ಕೇಕು ಕಚ್ಚಿದಾಗಲೆಲ್ಲ ಡೆನೀಸ್ ನನ್ನತ್ತ ನೋಡುತ್ತಿದ್ದಳು. ಆ ನೋಟದಲ್ಲಿ ಮಾಂಗಲ್ಯಭಾವ ಕಾಣಲಿಲ್ಲ.

ಆಗ ಚರ್ಚಿನ ಬಾಗಿಲಲ್ಲಿ ಬೋರ್ಡು ಕಂಡೆ. ಗೋಪುರ ಹತ್ತಿ ಊರು ನೋಡಲು ತಲಾ ಆರು ಪೌಂಡ್. ಬೇರೆ ಊರಿನ ಚರ್ಚ್ ಗಂಟೆ ಬಾರಿಸುವವರಿಗೆ ಮಾತ್ರ ಪುಕ್ಕಟೆ, ಆದರದ ಸ್ವಾಗತ.

"ನಾವು ಗಂಟೆ ಬಾರಿಸೋರು," ಎಂದೆ.

"ನೀನು ಮನೆ ಕರೆಗಂಟೆ ಬಾರಿಸಿದ್ದೂ ನಾನು ನೋಡಿಲ್ಲ. ಬ್ಯಾಟರಿ ಸವೀತದೆ ಅಂತ ಬಾಗಿಲು ಬಡೀತೀಯ."

ನಾನು ಕಿವಿಗೆ ಹಾಕಿಕೊಳ್ಳದೆ ಮೆಟ್ಟಿಲೇರಿದೆ. ಮೇಲೆ ಏಳು ಮಂದಿ ಮುದುಕ ಮುದುಕಿಯರು ಏಳು ಗಂಟೆಗಳ ಹಗ್ಗ ಹಿಡಿದು ನಿಂತಿದ್ದರು. ಎಂಟನೆಯದು ಅನಾಥವಾಗಿ ನೇತಾಡುತ್ತಿತ್ತು. ನಾವೂ ಗಂಟೆ ಬಾರಿಸುವವರೆಂಬ ನನ್ನ ಮಾತು ಕೇಳಿ ನಾಯಕಿ ಮಿಸೆಸ್ ಪಿಂಚ್‌ಬೆಕ್ ಕಣ್ಣೀರು ತುಂಬಿಕೊಂಡರು.

"ದೇವರೇ ಕಳಿಸಿದ ಹಾಗೆ ಬಂದ್ರಿ! ಎಂಟನೇ ಗಂಟೆ, ದೊಡ್ಡದು. ಅಭ್ಯಾಸ ಇದೆ ತಾನೆ?"

ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ಹಿಂದೆಯೇ ಬಂದಿದ್ದ ಡೆನೀಸ್, "ನಮ್ಮ ನೈಜೆಲ್‌ಗೆ ದೊಡ್ಡದೇ ಇಷ್ಟ. ಹೇಳ್ಕೊಳ್ಳೋಕೆ ಸಂಕೋಚ ಪಾಪ," ಎಂದುಬಿಟ್ಟಳು.

ಎಳೆದೆ. ಮೇಲೆಲ್ಲೋ ಒಂದು ಟನ್ ಕಂಚು ಮಗುಚಿಕೊಂಡಿತು, ಹಗ್ಗ ಸರ್ರನೆ ಮೇಲೇರಿತು, ಜೊತೆಗೆ ನಾನೂ.

"ಬಿಡ್ರೀ! ಕೈ ಬಿಡ್ರೀ!" ಎಂದು ಏಳು ಕಂಠಗಳು ಕೂಗಿದವು.

"ಅವನು ಬಿಡಲ್ಲ," ಎಂದಳು ಡೆನೀಸ್. "ಕೈಗೆ ಸಿಕ್ಕಿದ್ದನ್ನ ಬಿಟ್ಟು ರೂಢಿ ಇಲ್ಲ ಅವನಿಗೆ."

ಚಾವಣಿಗೆ ತಲೆ ತಾಕಿಸಿ ಧರೆಗಿಳಿದೆ.

"ನಿಮಗೆ ಬಾರಿಸೋಕೆ ಬರಲ್ಲ," ಎಂದರು ಮಿಸೆಸ್ ಪಿಂಚ್‌ಬೆಕ್.

"ಬರಲ್ಲ," ಎಂದೆ, ಬೈಗುಳಕ್ಕೆ ತಲೆಯೊಡ್ಡಿ.

ಏಳು ಮುಖಗಳೂ ಅರಳಿದವು. "ಹೊಸಬರು!" ಎಂದು ಒಬ್ಬ ಮುದುಕ ಟೋಪಿ ತೆಗೆದ. ಯಾವ ಕಾಲದಿಂದಲೋ ಅಲ್ಲಿ ಕಲಿಯಲು ಯಾರೂ ಬಂದಿರಲಿಲ್ಲವಂತೆ. ಅಷ್ಟರಲ್ಲಿ ಇನ್ನೊಬ್ಬ ಮೆಲ್ಲಗೆ ಬಾಗಿಲಿಗೆ ಅಡ್ಡ ನಿಂತ.

"ಪ್ರತಿ ಮಂಗಳವಾರ ಮಧ್ಯಾಹ್ನ ಬನ್ನಿ, ನಾವು ಕಲಿಸ್ತೀವಿ," ಎಂದರು ಮಿಸೆಸ್ ಪಿಂಚ್‌ಬೆಕ್.

"ಗ್ರಿಮ್ಸ್‌ಬಿಯಿಂದ ರೈಲಿಗೆ ತುಂಬಾ ಖರ್ಚಾಗ್ತದೆ," ಎಂದೆ ಗೆಲುವಿನಿಂದ.

"ಇಬ್ಬರ ಖರ್ಚೂ ನೀವೇ ಕೊಟ್ಟರೆ ಖಂಡಿತ ಬರ್ತಾನೆ," ಎಂದಳು ಡೆನೀಸ್.

"ಕೊಡ್ತೀವಿ!"

ಪುಕ್ಕಟೆ ಬಂದದ್ದನ್ನು ಬೇಡವೆನ್ನುವ ಪದ ನನ್ನ ಬಾಯಲ್ಲಿ ಎಂದೂ ಹುಟ್ಟಿಲ್ಲ, ಆಗಲೂ ಹುಟ್ಟಲಿಲ್ಲ. ಮೊದಲ ಪಾಠ ಅಲ್ಲೇ ಶುರುವಾಯಿತು. ಡೆನೀಸ್, "ನೀನು ಕಲೀತಿರು, ನಾನು ಬಂದೆ," ಎಂದು ಇಳಿದು ಹೋದಳು. ಅವಳ ಹತ್ತಿರ ಕಾಸಿಲ್ಲ, ಎಷ್ಟು ಹೊತ್ತು ಸುತ್ತಿಯಾಳು ಎಂದುಕೊಂಡೆ (ಪರ್ಸು ನನ್ನ ಒಳಜೇಬಿನಲ್ಲಿತ್ತು).

ಗೋಡೆಯ ಸೀಳು ಕಿಟಕಿಯಿಂದ ಸ್ವಲ್ಪ ಹೊತ್ತಿಗೆ ಇಣುಕಿದೆ. ಎದುರಿನ ಅಂಗಡಿಯಲ್ಲಿ, ಕಿಟಕಿಯ ಮೇಜಿನಲ್ಲಿ, ಮೂರಂತಸ್ತಿನ ತಟ್ಟೆಯ ಹಿಂದೆ ಡೆನೀಸ್ ನಗುತ್ತ ಕೂತಿದ್ದಾಳೆ! ಎದುರಿಗೆ ಬೆಳ್ಳಿಮೀಸೆಯ ಒಬ್ಬ ಗೃಹಸ್ಥ ಅವಳ ಬ್ರೆಡ್ಡಿಗೆ ತನ್ನ ಕೈಯಾರೆ ಜಾಮ್ ಸವರುತ್ತಿದ್ದಾನೆ!

"ಅದ್ಯಾರು?" ಎಂದು ಚೀರಿದೆ.

"ನಮ್ಮ ಯಜಮಾನರು," ಎಂದರು ಮಿಸೆಸ್ ಪಿಂಚ್‌ಬೆಕ್. "ನಾನಿಲ್ಲಿರೋವಾಗ ಪಾಪ ಅವರಿಗೆ ಹೊತ್ತು ಹೋಗಲ್ಲ. ಹಗ್ಗ ನೋಡಿ, ಹಗ್ಗ!"

ರೈಲಿನಲ್ಲಿ ಡೆನೀಸಳ ತುಟಿಯಂಚಿನಲ್ಲಿ ಇನ್ನೂ ಕೆನೆ ಇತ್ತು. ನಾನು ಬೊಬ್ಬೆಯೆದ್ದ ಅಂಗೈಗೆ ಉಫ್ ಎಂದು ಊದುತ್ತ ಕುದಿಯುತ್ತಿದ್ದೆ. ಮೂವತ್ತು ವರ್ಷದ ದಾಂಪತ್ಯ, ಪರಪುರುಷನ ಜಾಮು! ಇವತ್ತು ಎರಡರಲ್ಲಿ ಒಂದು ತೀರ್ಮಾನವಾಗಬೇಕು.

"ಡೆನೀಸ್!" ಎಂದು ಗುಡುಗಿದೆ. "ಬಿಲ್ಲು ಯಾರು ಕೊಟ್ಟಿದ್ದು?"

"ಅವರೇ. ಬೇಡ ಅಂದ್ರೂ ಕೇಳ್ಲಿಲ್ಲ."

ಕಿಟಕಿಯಾಚೆ ಹೊಲಗಳು ಓಡುತ್ತಿದ್ದವು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ.

"ಮುಂದಿನ ಮಂಗಳವಾರಾನೂ ಅವರೇ ಕೊಡ್ತಾರಂತಾ?" ಎಂದೆ.