ಕರಡಪ್ಪನವರ ಜೋಡಿ ಅಚ್ಚು

ಪರರ ದೋಷಗಳನ್ನು ಕಾಣುವ ಕಣ್ಣನ್ನು ಭಗವಂತನು ನಮಗೆಲ್ಲರಿಗೂ ಧಾರಾಳವಾಗಿ ದಯಪಾಲಿಸಿದ್ದಾನೆ. ಆದರೆ ಅದಕ್ಕೆ ತಿಂಗಳು ತಿಂಗಳು ಸಂಬಳವನ್ನೂ ಕೊಡಿಸಿದ್ದು ಕರಡಪ್ಪನವರಿಗೆ ಮಾತ್ರ. ಅಚ್ಚುಕೂಟದಲ್ಲಿ ಕರಡು ತಿದ್ದುವುದೇ ಅವರ ಜೀವಮಾನದ ಕಾಯಕವಾಗಿತ್ತು (ಹೆತ್ತವರು ಇಟ್ಟ ಹೆಸರು ಬೇರೆ, ಅದನ್ನು ಅಚ್ಚುಕೂಟದವರು ತಿದ್ದಿ ಹಾಕಿದ್ದರು). ಬಿಟ್ಟುಹೋದ ಕೊಂಬು, ಜಾರಿಬಿದ್ದ ಒತ್ತು, ಎರಡು ಸಲ ಕೂತ ಪದ, ಯಾವುದೂ ಅವರ ಕೆಂಪು ಶಾಯಿಯಿಂದ ತಪ್ಪಿಸಿಕೊಂಡದ್ದಿಲ್ಲ. ನಿವೃತ್ತರಾದ ಮೇಲೆ ಕೈಗೆ ಕರಡು ಸಿಗದೆ ಹೆಂಡತಿಯ ಮಾತನ್ನೇ ತಿದ್ದಲು ಹೊರಟರು. ಪರಿಣಾಮ ನೆಟ್ಟಗಾಗಲಿಲ್ಲ. ಅಷ್ಟರಲ್ಲಿ ದೈವಕೃಪೆಯಿಂದ, ತಂದೆಯವರು ಬಿಟ್ಟುಹೋಗಿದ್ದ ಹಳೆಯ ನಾಣ್ಯಗಳ ಡಬ್ಬಿಯೊಂದು ಅಟ್ಟದಿಂದ ಇಳಿದುಬಂತು.

ನಾಣ್ಯಕ್ಕೂ ಅಚ್ಚುಂಟಷ್ಟೆ. ಟಂಕಸಾಲೆಯಲ್ಲಿ ಆ ಅಚ್ಚನ್ನು ಮಾಡುವಾಗಲೇ ಅಕ್ಷರಗಳು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಮತ್ತೊಮ್ಮೆ ಒತ್ತಿಕೊಂಡರೆ, ಅದರಿಂದ ಹುಟ್ಟುವ ನಾಣ್ಯಗಳಲ್ಲೆಲ್ಲ ಅಕ್ಷರಗಳು ಅವಳಿಜವಳಿಯಾಗುತ್ತವೆ. ಅದು ಜೋಡಿ ಅಚ್ಚು. ಸಂಗ್ರಾಹಕರು ಅದಕ್ಕಾಗಿ ಪ್ರಾಣ ಬಿಡುತ್ತಾರೆ. ನಾಣ್ಯ ಹೊಡೆಯುವ ಹೊತ್ತಿಗೆ ಯಂತ್ರ ನಡುಗಿ ಅಕ್ಷರದ ಮಗ್ಗುಲಲ್ಲಿ ಚಪ್ಪಟೆ ನೆರಳೊಂದು ಬಿದ್ದರೆ ಅದು ಬರೀ ನಡುಕ. ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಜೀವಮಾನವಿಡೀ ತಪ್ಪುಗಳನ್ನು ಹೊಡೆದುಹಾಕಿದ ಮನುಷ್ಯನಿಗೆ, ತಪ್ಪನ್ನೇ ತಲೆಯ ಮೇಲೆ ಹೊತ್ತು ಮೆರೆಸುವ ಲೋಕವೊಂದಿದೆ ಎಂದು ತಿಳಿದಾಗ ಸ್ವರ್ಗದ ಬಾಗಿಲೇ ತೆರೆದಂತಾಯಿತು.

ತೊಂದರೆಯೇನೆಂದರೆ, ಆ ಸ್ವರ್ಗವು ಇಳಿದದ್ದು ನಡುಮನೆಯ ಮೇಜಿನ ಮೇಲೆ. ಮನೆಗೆ ಅದೊಂದೇ ಮೇಜು. ಅದರ ಮೇಲೆ ಹೆಂಡತಿಯ ಕೈಹೊಲಿಗೆಯಂತ್ರ ಬಹುಕಾಲದಿಂದ ಪಟ್ಟವೇರಿ ಕೂತಿತ್ತು. ಆಕೆ ಊರವರಿಗೆಲ್ಲ ಕಿಟಕಿ ಪರದೆ ಹೊಲಿದುಕೊಡುತ್ತಿದ್ದಳು.

"ರೀ, ಈ ಪರದೆ ಬಟ್ಟೆ ಎಲ್ಲಿ ಹರಡಲಿ? ನಿಮ್ಮ ತಲೆ ಮೇಲಾ?"

"ಸ್ವಲ್ಪ ತಾಳೇ. ಸಂಶೋಧನೆ ನಡೀತಿದೆ."

"ತಪ್ಪು ಹುಡುಕೋದಕ್ಕೆ ಸಂಶೋಧನೆ ಅಂತ ಹೆಸರು ಬೇರೆ. ನನ್ನಲ್ಲಿ ಹುಡುಕಿ ಸಾಕಾಯ್ತಾ?"

"ನಿನ್ನಲ್ಲಿ ಸಿಗೋ ತಪ್ಪಿಗೆ ಬೆಲೆ ಇಲ್ಲವಲ್ಲ."

(ಈ ಒಂದು ವಾಕ್ಯವನ್ನು ಅವರು ತಿದ್ದಿಕೊಂಡಿದ್ದರೆ ಅಂದು ಮಧ್ಯಾಹ್ನ ಕಾಫಿ ಬರುತ್ತಿತ್ತು.)

ಅಚ್ಚುಕೂಟದಲ್ಲಿ ಕಂಡ ಶಿಸ್ತನ್ನೇ ಅವರು ಇಲ್ಲಿಯೂ ಪಾಲಿಸಿದರು. ನಾಣ್ಯವನ್ನು ಮುಂದಿಟ್ಟು, ಭೂತಗನ್ನಡಿ ಹಿಡಿದು, ಅಕ್ಷರ ಅಕ್ಷರವಾಗಿ ಓದಿ, ದೋಷವಿಲ್ಲದ್ದನ್ನು 'ನಿರ್ದೋಷಿ' ಎಂಬ ಚೀಟಿಯಂಟಿಸಿದ ಡಬ್ಬಿಗೆ ಎಸೆಯುವುದು. ಹೀಗಿರಲು ಒಂದು ಮಧ್ಯಾಹ್ನ, ಮೇಜಿನ ಆ ತುದಿಯಲ್ಲಿ ಯಂತ್ರ ಕಟಕಟನೆ ಓಡುತ್ತಿರುವಾಗ, ತಾಮ್ರದ ನಾಣ್ಯವೊಂದರ ಪ್ರತಿಯೊಂದು ಅಕ್ಷರವೂ ತನ್ನ ಅವಳಿಯೊಡನೆ ಅವರಿಗೆ ದರ್ಶನವಿತ್ತಿತು.

"ಇವಳೇ, ಬಾ ಇಲ್ಲಿ."

ಆಕೆ ಹೊಲಿಗೆ ನಿಲ್ಲಿಸಿ ಬಂದು ಬಗ್ಗಿ ನೋಡಿದಳು. "ಒಂದೇ ಕಾಣಿಸ್ತಿದೆ."

"ನಿನ್ನ ಕಣ್ಣಿಗೆ ಅಭ್ಯಾಸ ಸಾಲದು. ಹೋಗು."

ಆಕೆ ಹೋಗಿ ಯಂತ್ರಕ್ಕೆ ಕೂತಳು. ಇವರು ಮತ್ತೆ ನೋಡಿದರು: ಎರಡು. ಹರ್ಷವು ಉಕ್ಕಿ ನಾಲಗೆಗೆ ಬಂತು. "ನಾಣ್ಯದಂಗಡಿಯವರನ್ನೇ ಮನೆಗೆ ಕರೆಸ್ತೀನಿ. ಜೋಡಿ ಅಚ್ಚು ಅಂತ ಅವರು ಒಪ್ಪಿದ್ರೆ ಇಡೀ ಮೇಜು ನನ್ನದು. ನಿನ್ನ ಯಂತ್ರ ಜಗಲಿಗೆ."

"ಒಪ್ಪದಿದ್ರೆ?"

"ನಾನೇ ಜಗಲಿಗೆ."

"ಆಮೇಲೆ ತಿದ್ದುಪಡಿ ಇಲ್ಲ ತಾನೆ?"

"ಇದೇ ಕೊನೆಯ ಕರಡು."

ನಾಣ್ಯದಂಗಡಿಯವರು ಬರುವ ದಿನ ಬೆಳಿಗ್ಗೆ, ಅತಿಥಿಯ ಕಾಫಿ ತುಳುಕಬಾರದೆಂದು ಆ ಗೃಹಿಣಿಯು ನಿರ್ದೋಷಿಗಳ ಡಬ್ಬಿಯಿಂದ ಒಂದು ನಾಣ್ಯವನ್ನೆತ್ತಿ ಮೇಜಿನ ಗಿಡ್ಡ ಕಾಲಿನಡಿಗೆ ತುರುಕಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಅಂಗಡಿಯವರು ಬಂದರು, ಕಾಫಿ ಕುಡಿದರು, ನಾಣ್ಯವನ್ನು ಹಿಂದುಮುಂದು ತಿರುವಿದರು. ಆಕೆ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹೊಲಿಯುತ್ತಿದ್ದಳು.

"ಯಜಮಾನ್ರೇ, ಇದರಲ್ಲಿ ಏನೂ ಇಲ್ಲವಲ್ಲ."

ಕರಡಪ್ಪನವರು ನಾಣ್ಯವನ್ನು ಮೇಜಿನ ಮೇಲಿಟ್ಟು ನೋಡಿದರು. ಒಂದೇ. ಭೂತಗನ್ನಡಿಯನ್ನು ಪಂಚೆಯ ತುದಿಯಿಂದ ಒರೆಸಿ ನೋಡಿದರು. ಆಗಲೂ ಒಂದೇ. "ನಿನ್ನೆಯವರೆಗೂ ಇತ್ತು," ಎಂದರು ಕ್ಷೀಣ ಸ್ವರದಲ್ಲಿ.

"ನಾಣ್ಯದ ತಪ್ಪು ರಾತ್ರೋರಾತ್ರಿ ಪಶ್ಚಾತ್ತಾಪ ಪಡೋದಿಲ್ಲ, ಸ್ವಾಮಿ."

ಯಂತ್ರದ ಸದ್ದು ನಿಂತಿತು. "ಅವತ್ತು ನಾನು ಎದ್ದು ಬಂದ್ರೆ ಒಂದು, ಹೋಗಿ ಕೂತ್ರೆ ಎರಡು. ಇರಿ ಒಂದ್ನಿಮಿಷ," ಎಂದು ಆಕೆ ಬಗ್ಗಿ, ಕಾಲಿನಡಿಯ ನಾಣ್ಯವನ್ನು ಈಚೆಗೆಳೆದು, ಯಂತ್ರದ ಹಿಡಿಯನ್ನು ಭರದಿಂದ ತಿರುಗಿಸಿದಳು. ಮೇಜು ಚಳಿಜ್ವರ ಬಂದಂತೆ ನಡುಗಿತು. "ಈಗ ನೋಡಿ."

"ಬಂತು, ಬಂತು! ಎರಡು!" ಎಂದರು ಕರಡಪ್ಪನವರು.

ಅಂಗಡಿಯವರೂ ಬಗ್ಗಿ ನೋಡಿದರು. "ಹೌದು, ಯಂತ್ರದ ನಡುಕವೇ. ಆದ್ರೆ ಟಂಕಸಾಲೆ ಯಂತ್ರದ್ದಲ್ಲ."

ಭೂಮಿ ಬಾಯಿಬಿಡಲಿಲ್ಲ, ಬಿಟ್ಟಿದ್ದರೆ ಕರಡಪ್ಪನವರು ಸಂತೋಷದಿಂದ ಇಳಿಯುತ್ತಿದ್ದರು. ಇತ್ತ ಅಂಗಡಿಯವರು, ಆಕೆ ಕಾಲಿನಡಿಯಿಂದ ತೆಗೆದು ಮೇಜಿನ ಮೇಲಿಟ್ಟಿದ್ದ ಧೂಳುನಾಣ್ಯವನ್ನು ಸುಮ್ಮನೆ ಕೈಗೆತ್ತಿಕೊಂಡವರು, ಮಗುಚಿದರು. ಭೂತಗನ್ನಡಿ ಕೇಳಿ ಇಸಿದುಕೊಂಡರು. ಬೆಳಕಿಗಾಗಿ ಕಿಟಕಿಯ ಬಳಿ ನಡೆದರು.

"ಇದನ್ನ ಪರೀಕ್ಷೆ ಮಾಡಿ ಬಿಸಾಕಿದ್ದು ಯಾರು?"

"ನಾನೇ. ಅದು ನಿರ್ದೋಷಿ."

"ಹಿಂದುಗಡೆ ನೋಡಿದ್ರಾ?"

ಅಚ್ಚುಕೂಟದಲ್ಲಿ ಕರಡನ್ನು ಹಾಳೆಯ ಒಂದೇ ಮಗ್ಗುಲಿಗೆ ತೆಗೆಯುತ್ತಾರೆ. ಹಿಂಬದಿ ಸದಾ ಖಾಲಿ. ಖಾಲಿಯಿರುವುದನ್ನು ತಿರುಗಿಸಿ ನೋಡುವ ದುಂದುಗಾರಿಕೆ ಕರಡಪ್ಪನವರ ಕೈಗಳಿಗೆ ಯಾವ ಕಾಲಕ್ಕೂ ತಿಳಿಯದು.

"ಅಕ್ಷರವೂ ಅದರ ಅವಳಿಯೂ ಒಂದೇ ಎತ್ತರ, ಎರಡೂ ದುಂಡಗೆ, ಮೂಲೆ ಮೂಲೆಯಲ್ಲಿ ಸೀಳು. ಅಪ್ಪಟ ಜೋಡಿ ಅಚ್ಚು, ಸ್ವಾಮಿ. ಅಂಗಡಿ ತೆರೆದಾಗಿನಿಂದ ಇಂಥದ್ದು ನನ್ನ ಕೈಗೆ ಸಿಕ್ಕಿರಲಿಲ್ಲ."

ಕರಡಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು. "ಹಾಗಾದ್ರೆ ಮೇಜು ನನ್ನದು."

"ಅದು ಹೇಗ್ರೀ? ನೀವು ಮಾತು ಕೊಟ್ಟಿದ್ದು ಆ ನಾಣ್ಯದ ಮೇಲೆ. ಇದನ್ನ ನೀವು ಆಚೆ ಹಾಕಿದ್ರಿ. ಎತ್ತಿ ಕೆಲಸಕ್ಕೆ ಹಚ್ಚಿದವಳು ನಾನು. ಕೊನೆಯ ಕರಡು ಅಂದಿದ್ರಲ್ಲ?"

"ಅಮ್ಮನವರ ಮಾತಿನಲ್ಲಿ ನನಗಂತೂ ದೋಷ ಕಾಣಿಸ್ತಿಲ್ಲ," ಎಂದರು ಅಂಗಡಿಯವರು, ಬಾಗಿಲ ಕಡೆ ಒಂದು ಹೆಜ್ಜೆಯಿಟ್ಟು.

ಜೋಡಿ ಅಚ್ಚಿನ ನಾಣ್ಯವು ಹೆಂಡತಿಯ ಹೊಲಿಗೆ ಗುಂಡಿಗಳ ಡಬ್ಬಿಯೊಳಗೆ ಭದ್ರವಾಯಿತು. ಕರಡಪ್ಪನವರ ಅಚ್ಚುಮೆಚ್ಚಿನ ನಾಣ್ಯವನ್ನು ಆಕೆ ಮೇಜಿನ ಕಾಲಿನಡಿಗೆ ಇಟ್ಟು, ಅಲುಗಿಸಿ ನೋಡಿ, ತಲೆದೂಗಿದಳು. "ಸರಿಯಾಗಿ ಕೂತಿತು. ಬೇಜಾರು ಮಾಡ್ಕೋಬೇಡಿ, ನಿಮ್ಮ ನಾಣ್ಯಕ್ಕೂ ಒಂದು ಸ್ಥಾನ ಸಿಕ್ತು."

ಸಂಜೆಯ ಹೊತ್ತಿಗೆ ಜಗಲಿಯಲ್ಲಿ ಕರಡಪ್ಪನವರು ನಿರ್ದೋಷಿಗಳನ್ನೆಲ್ಲ ಮರುವಿಚಾರಣೆಗೆ ಕರೆದಿದ್ದರು. ಒಂದೊಂದನ್ನೂ ತೊಡೆಯ ಮೇಲಿಟ್ಟು, ಮೊದಲು ಹಿಂಬದಿ, ಆಮೇಲೆ ಮುಂಬದಿ. ಒಳಗೆ ಯಂತ್ರವು ಅಲುಗದ ಮೇಜಿನ ಮೇಲೆ ಹಾಯಾಗಿ ಓಡುತ್ತಿತ್ತು.

"ಇವಳೇ, ಇಲ್ಲೊಂದರಲ್ಲಿ ಎರಡು ಕಾಣಿಸ್ತಿದೆ. ಈ ಸಲ ನಿಜ. ಯಂತ್ರ ಒಳಗಿದೆ, ನಾನು ಹೊರಗಿದ್ದೀನಿ."

ಒಳಗಿನಿಂದ ಉತ್ತರ ತಡವಾಗಲಿಲ್ಲ.

"ಮೊದಲು ಕಾಲು ಅಲ್ಲಾಡಿಸೋದು ನಿಲ್ಲಿಸ್ರೀ. ಆಮೇಲೆ ನೋಡಿ."